ಮಳೆಗಾಲದ ಕೆಲಸಕ್ಕೆ ಬೂಟು ತಗೊಳ್ಳುವಾಗ

ಕುಮಟಾ ಹತ್ತಿರ ಚಿರೇಕಲ್ಲು ಲೋಡಿಂಗ್ ಕೆಲಸ ನಂದು. ಮೊದಲ ಸಲ ಅಗ್ಗದ ಬೂಟು ತಂದಿದ್ದೆ. ಎರಡನೇ ಮಳೆಗಾಲಕ್ಕೆ ಅಟ್ಟದಿಂದ ಇಳಿಸಿ ಹಾಕಿಕೊಂಡರೆ ಅಡಿಯ ಸೋಲು ಹಳೇ ಬಿಸ್ಕತ್ತಿನ ಹಾಗೆ ಪುಡಿಪುಡಿ! ಪಿಯು, ಅಂದರೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ಸೋಲಿನ ಗುಣವೇ ಅದು, ತೇವದ ಗಾಳಿಯಲ್ಲಿ ಸುಮ್ಮನಿಟ್ಟರೂ ಹಾಳಾಗುತ್ತದೆ. ನಮ್ಮ ಕರಾವಳಿಗೆ ನೈಟ್ರೈಲ್ ರಬ್ಬರ್ ಸೋಲೇ ಸರಿ, ತೂಕ ಸ್ವಲ್ಪ ಜಾಸ್ತಿಯಾದರೂ. ಅಡಿಯ ಹಲ್ಲುಗಳ ನಡುವೆ ಜಾಗ ಇರಲಿ, ಇಲ್ಲದಿದ್ದರೆ ಕೆಮ್ಮಣ್ಣು ಮೆತ್ತಿಕೊಂಡು ಜಾರುತ್ತದೆ.

ಐಎಸ್‌ಐ ಗುರುತಿನ ಜತೆ ಐಎಸ್ 15298 ಭಾಗ 2 (ಸುರಕ್ಷತಾ ಬೂಟಿನ ಮಾನದಂಡ) ಅಂತ ಇದೆಯಾ ನೋಡಿ. ಅಂಥ ಬೂಟಿನಲ್ಲಿ ಕಾಲ್ಬೆರಳು ಕಾಯುವ ಮುಂದಿನ ಗಟ್ಟಿ ಕ್ಯಾಪ್ 200 ಜೌಲ್ ಪೆಟ್ಟು ತಡೆಯಬೇಕು. 20 ಕಿಲೋ ಕಲ್ಲು 1 ಮೀಟರ್ ಮೇಲಿಂದ ಬಿದ್ದಷ್ಟು. ಭಾಗ 3ರದ್ದು 100 ಜೌಲ್, ನಮಗೆ ಸಾಲದು.

ಅಂಗಡಿಗೆ ಸಂಜೆ ಹೋಗಿ, ದುಡಿದ ಕಾಲು ಊದಿರುತ್ತದೆ. ದಪ್ಪ ಸಾಕ್ಸ್ ಹಾಕಿಕೊಂಡೇ ನೋಡಿ. ಲೇಸ್ ಕಟ್ಟುವ ಮೊದಲು ಪಾದ ಮುಂದೆ ತಳ್ಳಿದರೆ ಹಿಮ್ಮಡಿ ಹಿಂದೆ ಒಂದು ಬೆರಳು ತೂರಬೇಕು. ಕುಕ್ಕರಗಾಲಲ್ಲಿ ಕೂತು ಏಳಿ. ಕ್ಯಾಪಿನ ಅಂಚು ಬೆರಳ ಬುಡಕ್ಕೆ ಒತ್ತಿದರೆ ಬೇಡ. ಅಂಗಡಿಯವರು ‘ಹಾಕ್ತಾ ಹಾಕ್ತಾ ಸಡಿಲ ಆಗ್ತದೆ’ ಅಂತಾರೆ. ಚರ್ಮ ಆದೀತು, ಕಬ್ಬಿಣ ಎಲ್ಲಿ ಆಗ್ತದೆ?

ಒದ್ದೆ ಬೂಟನ್ನು ಬಚ್ಚಲ ಒಲೆ ಮುಂದೆ ಇಡಬೇಡಿ, ಚರ್ಮ ಬಿರಿಯುತ್ತದೆ. ಹಳೇ ಪೇಪರ್ ತುರುಕಿ, ಮಲಗುವ ಮೊದಲು ಒಮ್ಮೆ ಬದಲಿಸಿ.