ಪಕ್ಕದ ಸೈಟು ವಾಣಿಜ್ಯವಾಗುವ ಮೊದಲು: ಆಕ್ಷೇಪಣೆ ಬರೆಯುವುದು ಹೇಗೆ?

ನಮ್ಮ ಬೀದಿಯ ಮೂಲೆ ಮನೆ ಕೆಡವಿದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಇನ್ನೊಂದು ಅಪಾರ್ಟ್‌ಮೆಂಟ್ ಇರಬೇಕು ಅಂದುಕೊಂಡೆವು. ಸುತ್ತ ಶೀಟು ಕಟ್ಟಿ, ಎರಡನೇ ಬೇಸ್‌ಮೆಂಟಿಗೆ ಅಗೆದ ಮೇಲೆ ಗೊತ್ತಾಯಿತು, ಅದು ವಾಣಿಜ್ಯ ಕಟ್ಟಡ. ವಿಚಾರಿಸಲು ಹೋದರೆ ಕಚೇರಿಯಲ್ಲಿ ಒಬ್ಬರು ಕಡತದಿಂದ ತಲೆ ಎತ್ತದೆ ಹೇಳಿದರು: "ಪೇಪರಲ್ಲಿ ಪ್ರಕಟಣೆ ಕೊಟ್ಟಿದ್ವಲ್ಲ ಮೇಡಂ, ಆಗ ಯಾರೂ ಏನೂ ಹೇಳಲಿಲ್ಲ."

ಕೊಟ್ಟಿದ್ದು ನಿಜ. ಹಳೇ ಪೇಪರ್ ಕಟ್ಟು ಬಿಚ್ಚಿ ಹುಡುಕಿದೆ. ಟೆಂಡರ್ ಜಾಹೀರಾತಿಗೂ ಯಾರದೋ ಕಳೆದುಹೋದ ಅಂಕಪಟ್ಟಿಗೂ ನಡುವೆ, ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಇತ್ತು.

ಎರಡು ವರ್ಷದ ನಂತರ ಬೀದಿಯ ಇನ್ನೊಂದು ತುದಿಯಲ್ಲಿ ಅದೇ ಕತೆ ಶುರುವಾಯಿತು. ಅಷ್ಟರಲ್ಲಿ ನಾವು ಸ್ವಲ್ಪ ಕಲಿತಿದ್ದೆವು. ಕಲಿತದ್ದು ಇದು.

ಪ್ರಕಟಣೆ ಕಣ್ಣಿಗೆ ಬೀಳಬೇಕು

ವಸತಿ ಜಾಗವನ್ನು ವಾಣಿಜ್ಯಕ್ಕೆ ಬದಲಿಸುವುದಕ್ಕೆ ಸರ್ಕಾರಿ ಭಾಷೆಯಲ್ಲಿ 'ಭೂ ಉಪಯೋಗ ಬದಲಾವಣೆ' ಎನ್ನುತ್ತಾರೆ. ಇದು ನಡೆಯುವುದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಂ ಪ್ರಕಾರ. ಯೋಜನಾ ಪ್ರಾಧಿಕಾರ ಪ್ರಸ್ತಾವವನ್ನು ದಿನಪತ್ರಿಕೆಯಲ್ಲಿ ಪ್ರಕಟಿಸಿ ಜನರ ಆಕ್ಷೇಪಣೆ ಕೇಳಲೇಬೇಕು. ಅದಕ್ಕೆ ಕೊಡಬೇಕಾದ ಸಮಯ ಕಡೇ ಪಕ್ಷ 15 ದಿನ. ಅದಕ್ಕಿಂತ ಜಾಸ್ತಿ ಸಿಗುತ್ತೆ ಅಂತ ನಂಬಿಕೊಂಡು ಕೂರಬೇಡಿ.

ತೊಡಕು ಎಲ್ಲಿದೆ ಅಂದರೆ, ಪ್ರಕಟಣೆಯಲ್ಲಿ ನಿಮ್ಮ ಬಡಾವಣೆಯ ಹೆಸರು ಇರಲೇಬೇಕು ಅಂತೇನಿಲ್ಲ. ಹಳೇ ಗ್ರಾಮದ ಹೆಸರು, ಹೋಬಳಿ, ಸರ್ವೆ ನಂಬರು, ಇಷ್ಟು ಗುಂಟೆ ಅಂತ ಇರುತ್ತದೆ. ಇಂದಿರಾನಗರದವರು 'ಬಿನ್ನಮಂಗಲ' ಅಂತ ಓದಿ ಪುಟ ತಿರುಗಿಸಿಬಿಟ್ಟರೆ ಅಲ್ಲಿಗೆ ಮುಗಿಯಿತು. ಅದಕ್ಕೇ ಮೊದಲು ನಿಮ್ಮ ಮನೆಯ ಕ್ರಯಪತ್ರ ತೆಗೆದು, ನಿಮ್ಮದು ಯಾವ ಗ್ರಾಮ, ಯಾವ ಸರ್ವೆ ನಂಬರು ಅಂತ ಬರೆದಿಟ್ಟುಕೊಳ್ಳಿ. ಅಕ್ಕಪಕ್ಕದ ನಂಬರುಗಳು ದಿಶಾಂಕ್ ಆ್ಯಪ್‌ನಲ್ಲಿ ಸಿಗುತ್ತವೆ. ನಮ್ಮ ಬೀದಿಯಲ್ಲಿ ಬೆಳಿಗ್ಗೆ ಕಾಫಿ ಜೊತೆ ಪೇಪರಿನ ಜಾಹೀರಾತನ್ನೂ ಬಿಡದೆ ಓದುವ ನಿವೃತ್ತರೊಬ್ಬರಿದ್ದಾರೆ. ಆ ಕೆಲಸ ಅವರಿಗೇ ವಹಿಸಿದೆವು.

ಆಕ್ಷೇಪಣೆ ಯಾರಿಗೆ ಅನ್ನುವುದನ್ನೂ ಪ್ರಕಟಣೆಯಲ್ಲೇ ನೋಡಿ. ಬೆಂಗಳೂರಿನಲ್ಲಿ ಬಹಳ ವರ್ಷ ಈ ಕೆಲಸ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ್ದಾಗಿತ್ತು (ಬಿಡಿಎ). ಈಗ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿದೆ, 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ. ಪ್ರಕಟಣೆ ಹೊರಡಿಸಿದ ಕಚೇರಿ ಯಾವುದೋ ಅಲ್ಲಿಗೇ ಪತ್ರ ಹೋಗಬೇಕು. ಶಾಸಕರ ಕಚೇರಿಗೆ ಕೊಟ್ಟರೆ ಅದು ಮನವಿ ಆಗುತ್ತದೆ, ಆಕ್ಷೇಪಣೆ ಆಗುವುದಿಲ್ಲ.

ಇದು ಅದೇನಾ ಅಂತ ಖಚಿತ ಮಾಡಿಕೊಳ್ಳಿ

ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ 'ಭೂಪರಿವರ್ತನೆ' ಬೇರೆ. ಅದು ಜಿಲ್ಲಾಧಿಕಾರಿ ಮಟ್ಟದ್ದು, ಭೂಕಂದಾಯ ಕಾಯ್ದೆಯದ್ದು. ಯಾರೋ ಮನೆಯ ಗ್ಯಾರೇಜಿನಲ್ಲಿ ಅನುಮತಿಯಿಲ್ಲದೆ ಚಾಟ್ಸ್ ಅಂಗಡಿ ತೆರೆದರೆ ಅದೂ ಬೇರೆ, ಪಾಲಿಕೆಗೆ ದೂರು ಕೊಡಬೇಕು.

ನಕ್ಷೆ ನೋಡಿ

ಯಾವ ಜಾಗ ಯಾವ ಬಳಕೆಗೆ ಅಂತ ಹೇಳುವುದು ಮಹಾಯೋಜನೆಯ ನಕ್ಷೆ. ಬೆಂಗಳೂರಿನಲ್ಲಿ ಈಗಲೂ ನಡೆಯುತ್ತಿರುವುದು ಪರಿಷ್ಕೃತ ಮಹಾಯೋಜನೆ 2015. ಹೆಸರಿನಲ್ಲಿ 2015 ಇದ್ದರೂ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2007ರಲ್ಲಿ. 2031ರ ಕರಡು 2017ರಲ್ಲಿ ಬಂತು, ಆಮೇಲೆ ಸರ್ಕಾರವೇ ವಾಪಸ್ ಪಡೆಯಿತು. ಹಾಗಾಗಿ ಇಂದಿನ ಬೆಂಗಳೂರಿನ ಜಗಳಗಳನ್ನು ಸುಮಾರು ಎರಡು ದಶಕದ ಹಿಂದಿನ ನಕ್ಷೆ ಹಿಡಿದು ತೀರ್ಮಾನಿಸಬೇಕು. ನಗು ಬರುತ್ತೆ, ಅಲ್ವಾ?

ಆ ನಕ್ಷೆಯಲ್ಲಿ ನಿಮ್ಮ ಬೀದಿ ಯಾವ ಬಣ್ಣದಲ್ಲಿದೆ ನೋಡಿ. ವಸತಿ ಹಳದಿ. ಆದರೆ ವಸತಿಯಲ್ಲೇ ಎರಡು ಬಗೆ, 'ಮುಖ್ಯ' ಮತ್ತು 'ಮಿಶ್ರ'. ನಿಮ್ಮದು ಮಿಶ್ರವಾಗಿದ್ದರೆ ಕೆಲವು ವಾಣಿಜ್ಯ ಬಳಕೆಗೆ ಅಲ್ಲಿ ಮೊದಲೇ ಅವಕಾಶ ಇರುತ್ತದೆ. ವಾದದ ಅರ್ಧ ಬಲ ಅಲ್ಲೇ ಹೋಯಿತು ಅಂತಲೇ ಲೆಕ್ಕ.

ಟೇಪ್ ಹಿಡಿಯಿರಿ

ಮೊದಲ ಸಲ ನಾವು ಬರೆದ ಪತ್ರ ಈಗ ಓದಿದರೆ ನಾಚಿಕೆಯಾಗುತ್ತದೆ. ಗಡುವು ದಾಟಿದ್ದು ಒಂದು ಕಡೆ. 'ಶಾಂತಿಪ್ರಿಯ ಬಡಾವಣೆ', 'ಹಿರಿಯ ನಾಗರಿಕರಿಗೆ ತೀವ್ರ ತೊಂದರೆ' ಅಂತೆಲ್ಲ ಎರಡು ಪುಟ. ಒಂದೇ ಒಂದು ಅಂಕಿ ಇಲ್ಲ.

ಎರಡನೇ ಸಲ, ರಸ್ತೆ ಎಷ್ಟು ಕಿರಿದು ಅಂತ ಅಂಕಿಯಲ್ಲೇ ತೋರಿಸಲು, ಮೇಸ್ತ್ರಿಯಿಂದ ನೂರಡಿ ಟೇಪ್ ಕಡ ತಂದೆವು. ಟಾರಿನ ಅಂಚಿನಿಂದ ಅಂಚಿಗೆ ಅಳೆದು 19 ಅಡಿ ಅಂತ ಬರೆದುಕೊಂಡೆವು, ಖುಷಿಯೂ ಆಯಿತು. ಸಿವಿಲ್ ಎಂಜಿನಿಯರ್ ಆಗಿದ್ದ ಪಕ್ಕದ ಮನೆಯವರು ನೋಡಿ ನಕ್ಕರು. ರಸ್ತೆಯ ಅಗಲ ಅಂದರೆ ಕಾಂಪೌಂಡಿನಿಂದ ಕಾಂಪೌಂಡಿಗೆ, ಚರಂಡಿ, ಫುಟ್‌ಪಾತ್ ಎಲ್ಲ ಸೇರಿ. ಮತ್ತೆ ಅಳೆದೆವು. 29 ಅಡಿ 4 ಇಂಚು. ಟಾರಿನ ಲೆಕ್ಕ ಕೊಟ್ಟಿದ್ದರೆ ಆ ಒಂದು ತಪ್ಪಿಗೆ ಇಡೀ ಪತ್ರವನ್ನೇ ಪಕ್ಕಕ್ಕಿಡುತ್ತಿದ್ದರು. ಒಂದೇ ಕಡೆ ಅಳೆದರೆ ಸಾಲದು. ಸೈಟಿನ ಮುಂದೆ, ಬೀದಿಯ ಎರಡೂ ಬಾಯಲ್ಲಿ, ಅತಿ ಕಿರಿದಾದ ಜಾಗದಲ್ಲಿ ಅಳೆದು ಫೋಟೊ ತೆಗೆಯಿರಿ.

ಆಮೇಲೆ ಬೆಳಿಗ್ಗೆ 9ಕ್ಕೆ, ಸಂಜೆ 7ಕ್ಕೆ ರಸ್ತೆ ಮೇಲೆ ನಿಂತ ಕಾರುಗಳ ಎಣಿಕೆ. ಮ್ಯಾನ್‌ಹೋಲ್ ಉಕ್ಕಿದಾಗ ಕೊಟ್ಟ ದೂರಿನ ನಂಬರುಗಳು. ವಾರಕ್ಕೆ ಎಷ್ಟು ಟ್ಯಾಂಕರ್ ನೀರು ಬರುತ್ತದೆ. ಮಳೆ ಬಂದಾಗ ನೀರು ಎಲ್ಲಿ ನಿಲ್ಲುತ್ತದೆ. ಇವೆಲ್ಲ ಒಂದು ಭಾನುವಾರದ ಕೆಲಸ, ಅಷ್ಟೇ.

ಎಲ್ಲರೂ ನಿಮ್ಮ ಕಡೆ ಇರುವುದಿಲ್ಲ, ಅದಕ್ಕೂ ಸಿದ್ಧರಾಗಿ. ಸಹಿ ಕೇಳಲು ಹೋದಾಗ ಒಬ್ಬ ಹಿರಿಯರು ಬಾಗಿಲಲ್ಲೇ ಹೇಳಿದರು: "ನೋಡಮ್ಮ, ನನಗೆ ಪೆನ್ಶನ್ ಇಲ್ಲ. ನಾಳೆ ನನ್ನ ಕೆಳಗಿನ ಮನೆಗೂ ಅಂಗಡಿ ಬಾಡಿಗೆ ಬಂದರೆ ಬೇಡ ಅನ್ನಲಾ?" ಉತ್ತರ ಹೊಳೆಯಲಿಲ್ಲ. ಕಾಫಿ ಕುಡಿದು ಬಂದೆ.

ಪತ್ರ ಬರೆಯುವಾಗ

ಒಂದು ಪುಟ ಸಾಕು. ಮೇಲೆ ಪ್ರಕಟಣೆಯ ಸಂಖ್ಯೆ, ಪೇಪರ್ ದಿನಾಂಕ, ಸರ್ವೆ ನಂಬರು. 14ಎ ಪ್ರಕಾರ ಬದಲಾವಣೆ ಸಾರ್ವಜನಿಕ ಹಿತಕ್ಕಾಗಿ ಇರಬೇಕು. ನಿಮ್ಮ ಪತ್ರದ ಬೆನ್ನೆಲುಬೇ ಅದು. ಹೀಗೆ ಬರೆಯಬಹುದು: "ಸದರಿ ಸ್ವತ್ತಿನ ಮುಂದಿನ ರಸ್ತೆ ಕಾಂಪೌಂಡಿನಿಂದ ಕಾಂಪೌಂಡಿಗೆ 29 ಅಡಿ 4 ಇಂಚು ಇದೆ (ಫೋಟೊ 1). ಈ ಬದಲಾವಣೆಯಿಂದ ಆಗುವ ಸಾರ್ವಜನಿಕ ಹಿತ ಏನೆಂದು ಪ್ರಸ್ತಾವದಲ್ಲಿ ಕಾಣುವುದಿಲ್ಲ. ಸ್ಥಳ ಪರಿಶೀಲನೆ ನಡೆಸಿ, ನಮ್ಮ ಅಹವಾಲು ಕೇಳಬೇಕೆಂದು ಕೋರುತ್ತೇವೆ."

ಬೇಕಾದರೆ ಒಂದು ಸಾಲು ಸೇರಿಸಿ. 2023ರ ಜನವರಿಯಲ್ಲಿ ಚಂಡೀಗಢದ ಮನೆಗಳನ್ನು ಅಪಾರ್ಟ್‌ಮೆಂಟ್ ಮಾಡುವ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಯೋಜನೆಯಿಲ್ಲದೆ ಬೆಳೆದ ಬೆಂಗಳೂರಿಗೆ ಆದ ಗತಿಯನ್ನೇ ಎಚ್ಚರಿಕೆಯಾಗಿ ತೋರಿಸಿತ್ತು.

ಒಂದೇ ಪತ್ರಕ್ಕೆ ಎಲ್ಲರ ಸಹಿ ಹಾಕಿಸಬೇಡಿ. ಮೊದಲ ಸಲ ನಮ್ಮ 63 ಸಹಿ ಸೇರಿ ಲೆಕ್ಕಕ್ಕೆ ಬಂದದ್ದು 'ಒಂದು ಮನವಿ'. ಮನೆಗೊಂದು ಪತ್ರ ಬರೆಯಿರಿ, ಅವರವರ ತೊಂದರೆ ಅವರವರ ಮಾತಿನಲ್ಲಿ. ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ದಿನಾಂಕ ಸಮೇತ ಸೀಲು ಹಾಕಿಸಿಕೊಳ್ಳಿ. "ಆಮೇಲೆ ಬನ್ನಿ" ಅಂದರೆ ಅಲ್ಲೇ ನಿಲ್ಲಿ. ಜೊತೆಗೆ ಸ್ಪೀಡ್ ಪೋಸ್ಟಿನಲ್ಲೂ ಒಂದು ಕಳಿಸಿ.

ಬೆನ್ನು ಬಿಡಬೇಡಿ

ಬದಲಾವಣೆಗೆ ರಾಜ್ಯ ಸರ್ಕಾರದ ಒಪ್ಪಿಗೆ ಬೇಕು, ಹಾಗಾಗಿ ಕಡತ ಪ್ರಾಧಿಕಾರದಿಂದ ಮೇಲಕ್ಕೆ ಹೋಗುತ್ತದೆ. ಎಲ್ಲಿದೆ ಅಂತ ತಿಳಿಯಲು ಆರ್‌ಟಿಐ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರುವ ಹಾಗಿಲ್ಲ, ಒಂದೇ ವಿಷಯ ಇರಬೇಕು. ಸ್ಥಳ ಪರಿಶೀಲನಾ ವರದಿ, ಸಭೆಯ ನಡವಳಿ, ಬಂದ ಆಕ್ಷೇಪಣೆಗಳ ಪಟ್ಟಿ, ಈ ಮೂರರ ಪ್ರತಿ ಕೇಳಿ. ಒಪ್ಪಿಗೆ ಸಿಕ್ಕೇಬಿಟ್ಟರೆ ಉಳಿಯುವುದು ಹೈಕೋರ್ಟ್. ಅಲ್ಲಿ ವಕೀಲರು ಮೊದಲು ಕೇಳುವುದು ಆ ಸೀಲು ಬಿದ್ದ ಪ್ರತಿಯನ್ನೇ.

ಎರಡನೇ ಸಲ ನಮ್ಮ ಬೀದಿಯಿಂದ 27 ಪತ್ರ ಹೋದವು. ಪರಿಶೀಲನೆಗೆ ಬಂದ ಅಧಿಕಾರಿ ನಮ್ಮ ಟೇಪ್ ಮುಟ್ಟಲಿಲ್ಲ, ತಮ್ಮದೇ ತಂದಿದ್ದರು. ಅವರಿಗೂ 29 ಅಡಿ ಚಿಲ್ಲರೆಯೇ ಬಂತು, ಬರೆದುಕೊಂಡು ಹೋದರು. 'ಕಡತ ಪರಿಶೀಲನೆಯಲ್ಲಿದೆ' ಅಂತ ಹೋದ ತಿಂಗಳು ಆರ್‌ಟಿಐ ಉತ್ತರ ಬಂದಿದೆ. ಮುಂದಿನ ಅರ್ಜಿಗೆ ಇನ್ನೊಂದು ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ತಂದಿಟ್ಟಿದ್ದೇನೆ.