ಸರಗಳ್ಳರ ಸುದ್ದಿಯಿಂದ ಪಲ್ಸರ್ ತೆಗೆದೆ

'ಕಪ್ಪು ಪಲ್ಸರ್‌ನಲ್ಲಿ ಬಂದ ಇಬ್ಬರು ದುಷ್ಕರ್ಮಿಗಳು ಮಹಿಳೆಯ ಮಾಂಗಲ್ಯ ಸರ ಕಿತ್ತು ಪರಾರಿ.' ಬೆಂಗಳೂರಿನಲ್ಲಿ ಕ್ರೈಂ ವರದಿಗಾರನಾಗಿದ್ದಾಗ ಈ ಸಾಲನ್ನು ಎಷ್ಟು ಸಲ ಬರೆದೆನೋ. ಬಡಾವಣೆ, ಠಾಣೆ, ಸರದ ತೂಕ ಬದಲಾಗುತ್ತಿತ್ತು. ಪಲ್ಸರ್ ಮಾತ್ರ ಅಲ್ಲೇ ಇರುತ್ತಿತ್ತು.

ಒಂದು ಬೆಳಿಗ್ಗೆ ಸರ ಕಳೆದುಕೊಂಡ ಅಜ್ಜಿಯೊಬ್ಬರ ಮನೆಗೆ ಹೋದೆ. ಬಾಗಿಲಲ್ಲಿ ಅರ್ಧ ಎಳೆದ ರಂಗೋಲಿ ಹಾಗೇ ಇತ್ತು. ಅವರ ಕತ್ತಿನ ಮೇಲೆ ದಾರದಷ್ಟು ಸಣ್ಣ ಕೆಂಪು ಗೆರೆ. "ಯಾವ ಬೈಕ್ ಅಜ್ಜಿ?" ಎಂದೆ. "ಅದನ್ನೆಲ್ಲಾ ಎಲ್ಲಿ ನೋಡ್ಲಪ್ಪ? ಕತ್ತು ಹಿಡ್ಕೊಂಡು ಕೂತ್ಬಿಟ್ಟೆ." "ಪಲ್ಸರ್ ಇರಬಹುದಾ?" ಎಂದು ನಾನೇ ಕೇಳಿದೆ. "ಇರಬಹುದೇನೋ" ಎಂದರು. ಮಾರನೇ ದಿನ ಪೇಪರಿನಲ್ಲಿ ಪಲ್ಸರ್ ಬಂತು. ಆಮೇಲೆ ಸಿಸಿಟಿವಿಯಲ್ಲಿ ಕಂಡದ್ದು ಸ್ಕೂಟರ್. ಆ ಹೆಸರನ್ನು ಅಜ್ಜಿಯ ಬಾಯಿಗೆ ಹಾಕಿದ್ದು ನಾನು. ಅದು ಬಹಳ ದಿನ ನನ್ನನ್ನು ಕಾಡಿತು.

2001ರಲ್ಲಿ ಬಂದಾಗಿನಿಂದ ಪಲ್ಸರ್ ಲಕ್ಷಗಟ್ಟಲೆ ಮಾರಾಟವಾಗಿದೆ. ರಸ್ತೆಯಲ್ಲಿ ಜಾಸ್ತಿ ಇರುವ ಬೈಕು ಕಳ್ಳರ ಕೈಗೂ ಜಾಸ್ತಿ ಸಿಗುತ್ತೆ, ಅಲ್ವಾ? ಎಷ್ಟೋ ಸಲ ಅದು ಕದ್ದ ಗಾಡಿಯೇ, ನಂಬರ್ ಪ್ಲೇಟ್ ನಕಲಿ. ಅದರ ಮಾಲೀಕ ಇನ್ನೊಂದು ಠಾಣೆಗೆ ದೂರು ಕೊಟ್ಟು ಅಲೆಯುತ್ತಿರುತ್ತಾನೆ. ಆದರೆ ನಮ್ಮ ಸುದ್ದಿಯ ಪೆಟ್ಟು ಬೀಳೋದು ಬೇರೆಯವರಿಗೆ. ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಹುಡುಗನ ಹತ್ತಿರ ಕಪ್ಪು ಪಲ್ಸರ್ ಇದೆ. ವಿಳಾಸ ಕೇಳಲು ಗಾಡಿ ನಿಧಾನ ಮಾಡಿದರೆ ಹೆಂಗಸರು ಸೆರಗೆಳೆದು ಕತ್ತು ಮುಚ್ಚಿಕೊಳ್ಳುತ್ತಾರಂತೆ. ಹೇಳುವಾಗ ಅವನು ತಲೆ ಎತ್ತಲಿಲ್ಲ.

ವರದಿಗಳನ್ನು ತಿದ್ದಿ ಪುಟಕ್ಕೆ ಕಳಿಸುವ ಡೆಸ್ಕ್‌ಗೆ ಬಂದ ಮೇಲೆ, ವರದಿಗಾರರು ಕಳಿಸುವ ಪ್ರತಿ ಕಾಪಿಯಲ್ಲೂ ಮೊದಲು ಒಂದನ್ನು ನೋಡುತ್ತೇನೆ. ಈ ಬೈಕನ್ನು ಓದುಗರು ಹುಡುಕಬೇಕಾ? ಆರೋಪಿಗಳು ಸಿಕ್ಕಿಲ್ಲ, ದೃಶ್ಯ ಸ್ಪಷ್ಟವಾಗಿದೆ ಅಂದರೆ ಬಣ್ಣ, ಮಾಡೆಲ್, ಒಡೆದ ಇಂಡಿಕೇಟರ್ ಸಮೇತ ಬರೆಯಲಿ. ಇಲ್ಲದಿದ್ದರೆ 'ಬೈಕ್‌ನಲ್ಲಿ ಬಂದ ಇಬ್ಬರು' ಸಾಕು. ಬಂಧನದ ಸುದ್ದಿಗೆ '3 ಬೈಕ್ ವಶ' ಸಾಕು. ಬೈಕಿನ ಹೆಸರು ಬಂದಿದ್ದರೆ ವರದಿಗಾರರಿಗೆ ಫೋನ್ ಮಾಡಿ, ಹೇಳಿದ್ದು ಯಾರು ಅಂತ ಕೇಳುತ್ತೇನೆ.

ಸುದ್ದಿ ಸಪ್ಪೆಯಾಗುತ್ತೆ ಅಂತ ಸಹೋದ್ಯೋಗಿಯೊಬ್ಬರು ಬೇಸರಪಟ್ಟರು. ಆ ಜಾಗದಲ್ಲಿ ಓದುಗರಿಗೆ ಉಪಯೋಗ ಆಗೋದನ್ನು ಕೊಡೋಣ ಅಂದೆ. ಕೃತ್ಯ ನಡೆದ ಹೊತ್ತು, ಬೀದಿದೀಪ ಇತ್ತಾ ಇಲ್ವಾ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 304ನೇ ಸೆಕ್ಷನ್‌ನಲ್ಲಿ ಕಿತ್ತುಕೊಂಡು ಓಡುವುದೇ ಪ್ರತ್ಯೇಕ ಅಪರಾಧ, 3 ವರ್ಷದವರೆಗೆ ಜೈಲು. ಇದನ್ನು ನಾವು ಎಷ್ಟು ಸಲ ಬರೆದಿದ್ದೇವೆ?

ಈಗೀಗ ಪಲ್ಸರ್ ಜಾಗಕ್ಕೆ ಡ್ಯೂಕ್ ಬೈಕ್ ಬರುತ್ತಿದೆ. ಮೊನ್ನೆ 'ಡ್ಯೂಕ್‌ನಲ್ಲಿ ಬಂದ ಪುಂಡರು' ಅಂತ ಕಾಪಿ ಬಂತು. ಫೋನ್ ಮಾಡಿದೆ. "ಸದ್ದು ಹಾಗಿತ್ತಂತೆ ಸರ್" ಎಂದ ವರದಿಗಾರ ಹುಡುಗ. ಡ್ಯೂಕ್ ತೆಗೆದು ಪುಟಕ್ಕೆ ಕಳಿಸಿದೆ.