ನಂಬಿಕೆಯಲ್ಲಿ ಡೌಟ್ ಬಂದಾಗ ಮನೇಲಿ, ಚರ್ಚಲ್ಲಿ ಹೆಂಗಿರೋದು

ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಕ್ರಿಶ್ಚಿಯನ್ ಮನೇಲಿ ಹುಟ್ಟಿ ಬೆಳೆದು, ಈಗ ಭಾನುವಾರ ಚರ್ಚಲ್ಲಿ ಕೂತಾಗ ಒಳಗೊಳಗೆ ಇದೆಲ್ಲ ನಿಜಾನಾ ಅನಿಸ್ತಾ, ಅದನ್ನ ಯಾರ ಹತ್ರನೂ ಬಾಯಿಬಿಟ್ಟು ಹೇಳಕ್ಕಾಗದೆ ಒದ್ದಾಡ್ತಿರೋರಿಗೆ ಇದನ್ನ ಬರಿತಿದೀನಿ. ಬೆಂಗಳೂರಲ್ಲಿ ಚರ್ಚ್ ಬಿಟ್ರೆ ಯಾರೂ ಕೇಳಲ್ಲ, ನಮ್ಮೂರಲ್ಲಿ ಎರಡು ವಾರ ಕಾಣ್ಲಿಲ್ಲ ಅಂದ್ರೆ ಮೂರನೇ ವಾರ ಪಾಸ್ಟ್ರಮ್ಮ ಮನೆ ಬಾಗಿಲಿಗೇ ಬರ್ತಾರೆ, ಅಷ್ಟರಲ್ಲಿ ದೊಡ್ಡಮ್ಮಂಗೆ ಗೊತ್ತಾಗಿರುತ್ತೆ, ದೊಡ್ಡಮ್ಮನಿಂದ ಗುಂತಕಲ್ಲಿನ ಅತ್ತೆಗೂ ಫೋನ್ ಹೋಗಿರುತ್ತೆ. ಸಂಬಂಧ ನೋಡೋದು, ಮಗುಗೆ ಸ್ಕೂಲ್ ಸೀಟು ಕೇಳೋದು, ಸತ್ರೆ ಮಣ್ಣು ಮಾಡೋದು ಎಲ್ಲ ಅಲ್ಲೇ ಇರೋವಾಗ ಡೌಟನ್ನ ಎತ್ತಿ ಬೀದಿಗೆ ಹಾಕಕ್ಕೂ ಆಗಲ್ಲ, ಒಳಗೇ ಇಟ್ಕೊಂಡ್ರೆ ನಿದ್ದೆನೂ ಬರಲ್ಲ.

ನಂದು ಬಳ್ಳಾರಿ ಕೌಲ್ ಬಜಾರ್ ಕಡೆ ಮನೆ. ನಮ್ಮಪ್ಪಂಗೆ ಶುಗರ್ ಇತ್ತು, ಕಾಲಿಗೆ ಹುಣ್ಣಾಗಿತ್ತು. ಆಗ ಹೊಸದಾಗಿ ಶುರುವಾಗಿದ್ದ ಒಂದು ಪ್ರಾರ್ಥನಾ ಕೂಟದೋರು ಮನೆಗೆ ಬರಕ್ಕೆ ಶುರು ಮಾಡಿದ್ರು, ಅಂಗೈಯಷ್ಟು ಬಾಟ್ಲಲ್ಲಿ ಎಣ್ಣೆ ತಂದು ಹಚ್ಚಿ, ಇನ್ಸುಲಿನ್ ಚುಚ್ಕೊಳ್ಳೋದು ಅಪನಂಬಿಕೆ ಗುರುತು ಅಂದ್ರು. ಅಪ್ಪ ಹನ್ನೊಂದು ದಿನ ಬಿಟ್ಟ. ಹನ್ನೆರಡನೇ ದಿನ ಆಸ್ಪತ್ರೆಗೆ ಹಾಕಿದ್ವಿ, ವಾಪಸ್ ಬರ್ಲಿಲ್ಲ. ಮಣ್ಣಾದ ಮೂರನೇ ದಿನ ಅದೇ ಕೂಟದೋರೊಬ್ಬರು ನಮ್ಮವ್ವನ ಕೈ ಹಿಡಿದು, ಮನೇಲಿ ಯಾರಿಗೋ ನಂಬಿಕೆ ಕಮ್ಮಿ ಇತ್ತು ಅಂತ ಹೇಳಿ ನನ್ನ ಕಡೆ ನೋಡಿದ್ರು. ನನ್ನ ಡೌಟ್ ಅವತ್ತು ಶುರುವಾಯ್ತು. ಆರು ವರ್ಷ ಆಯ್ತು, ಅದರ ಜೊತೆ ಬದುಕಕ್ಕೆ ಕಲ್ತಿದ್ದನ್ನೇ ಇಲ್ಲಿ ಹೇಳ್ತೀನಿ.

ಮೊದಲನೇದು, ನಿಮ್ಮ ಡೌಟ್ ಯಾರ ಮೇಲೆ ಅಂತ ಬಿಡಿಸಿ ನೋಡ್ಕೊಳ್ಳಿ. ಒಂದು ನೋಟ್‌ಬುಕ್ ತಗೊಂಡು ಬರೀರಿ, ಮೊಬೈಲಲ್ಲಿ ಬೇಡ, ಮನೇಲಿ ಎಲ್ಲರೂ ಮೊಬೈಲ್ ನೋಡ್ತಾರೆ. ನಾನು ಬರೆದಾಗ ಇಪ್ಪತ್ತಮೂರು ಪ್ರಶ್ನೆ ಆಯ್ತು, ಅದ್ರಲ್ಲಿ ದೇವರಿಗೆ ಸಂಬಂಧಪಟ್ಟಿದ್ದು ನಾಕೋ ಐದೋ, ಉಳಿದಿದ್ದೆಲ್ಲ ಮನುಷ್ಯರ ಮೇಲಿನ ಸಿಟ್ಟು. ಕಾಣಿಕೆ ದುಡ್ಡಿನ ಲೆಕ್ಕ ಯಾಕೆ ಕೊಡಲ್ಲ, ಹೊರಗೆ ಜಾತಿ ಇಲ್ಲ ಅನ್ನೋರು ಸಂಬಂಧ ಮಾಡೋವಾಗ ಯಾವ ಕೇರಿಯೋರು ಅಂತ ಯಾಕೆ ಕೇಳ್ತಾರೆ, ಹೆಂಗಸರು ಹಂಡೆಗಟ್ಟಲೆ ಅಡಿಗೆ ಮಾಡಿದ್ರೂ ಕಮಿಟಿಲಿ ಯಾಕೆ ಇಲ್ಲ, ಇಂಥವು. ಎಲ್ಲಾನೂ ಒಂದೇ ಗಂಟು ಕಟ್ಟಿ ನಂಗೆ ನಂಬಿಕೆ ಹೋಯ್ತು ಅಂದ್ಬಿಟ್ರೆ ಯಾವುದಕ್ಕೂ ಉತ್ತರ ಸಿಗಲ್ಲ. ಲೆಕ್ಕದ ಪ್ರಶ್ನೆಗೆ ಉತ್ತರ ಖಜಾಂಚಿ ಹತ್ರ ಐತೆ, ಅದಕ್ಕೆ ಮೊಣಕಾಲೂರಿ ಅಳೋದು ಬೇಕಾಗಿಲ್ಲ, ವಾರ್ಷಿಕ ಸಭೇಲಿ ಎದ್ದು ನಿಂತು ಕೇಳ್ಬೇಕು.

ಕಾಗದದ ವಿಷಯಾನೂ ಇಲ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ತುಂಬಾ ಹುಡುಗ್ರು ಇದ್ರಲ್ಲೇ ನವೀತಾರೆ. ಮನೇಲಿ ಒಂದು ಹೆಸರು, ಸರ್ಟಿಫಿಕೇಟಲ್ಲಿ ಒಂದು ಹೆಸರು, ನಾನು ಸುಳ್ಳು ಬದುಕು ಬದುಕ್ತಿದೀನಿ ಅಂತ. 1950ರ ರಾಷ್ಟ್ರಪತಿ ಆದೇಶದಲ್ಲಿ ಪರಿಶಿಷ್ಟ ಜಾತಿ ಅಂದ್ರೆ ಹಿಂದೂಗಳು ಮಾತ್ರ ಅಂತ ಬರೆದ್ರು, 1956ರಲ್ಲಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿದ್ರು, ಕ್ರೈಸ್ತರನ್ನ ಸೇರಿಸಲಿಲ್ಲ, ಹಂಗಾಗಿ ಕ್ರಿಶ್ಚಿಯನ್ ಅಂತ ಬರೆಸಿದ್ರೆ ಆ ಮೀಸಲಾತಿ ಸಿಗಲ್ಲ. ಕೇರಿ ಅದೇ, ಕೂಲಿ ಅದೇ, ಊರೋರು ಕರೆಯೋ ರೀತಿನೂ ಅದೇ ಇರೋವಾಗ ನಿಮ್ಮಜ್ಜ ಹಿಂದೂ ಅಂತ ಬರೆದ ಒಂದು ಕಾಗದಕ್ಕೆ ಸಹಿ ಹಾಕಿದ್ರೆ ಅದು ಹೊಟ್ಟೆಪಾಡಿನ ಲೆಕ್ಕ. ಅದನ್ನ ನಿಮ್ಮ ನಂಬಿಕೆ ಸೋತಿದ್ದರ ಲಿಸ್ಟಿಗೆ ಸೇರಿಸಬೇಡಿ.

ಎರಡನೇದು, ಯಾರ ಹತ್ರ ಹೇಳೋದು. ಅವ್ವನ ಹತ್ರ ಮೊದಲು ಹೇಳಬೇಡಿ. ಅವಳಿಗೆ ಅರ್ಥ ಆಗಲ್ಲ ಅಂತಲ್ಲ, ಅವಳು ಅವತ್ತಿಂದಾನೇ ನಿಮಗೋಸ್ಕರ ಉಪವಾಸ ಶುರು ಮಾಡ್ತಾಳೆ, ಆಮೇಲೆ ನೀವು ಅವಳ ಖಾಲಿ ಹೊಟ್ಟೆ ನೋಡ್ತಾ ಸುಮ್ಮನೆ ನಂಬಿದೀನಿ ಅಂತ ಸುಳ್ಳು ಹೇಳ್ಬೇಕಾಗುತ್ತೆ. ಚರ್ಚ್ ವಾಟ್ಸಾಪ್ ಗ್ರೂಪಲ್ಲಂತೂ ಬೇಡವೇ ಬೇಡ. ನಿಮಗಿಂತ ಹತ್ತಿಪ್ಪತ್ತು ವರ್ಷ ದೊಡ್ಡೋರು, ಜೀವನದಲ್ಲಿ ಏನಾದ್ರೂ ಕಳ್ಕೊಂಡೂ ಚರ್ಚಿಗೆ ಬರ್ತಿರೋರು ಒಬ್ಬರಾದ್ರೂ ಇರ್ತಾರೆ, ಅಂಥೋರನ್ನ ಹುಡುಕಿ. ನಂಗೆ ಸಿಕ್ಕಿದ್ದು ಒಬ್ಬ ರಿಟೈರ್ಡ್ ನರ್ಸಮ್ಮ. ಒಂದಿನ ಸಂಜೆ ವಗ್ಗರಣೆ ಮಿರ್ಚಿ ಕಟ್ಟಿಸ್ಕೊಂಡು ಹೋಗಿ ಎಲ್ಲ ಹೇಳ್ದೆ. ಅವರು ಬುದ್ಧಿವಾದ ಹೇಳ್ಲಿಲ್ಲ, ಬೈಬಲ್ ತೆಗೆದು 88ನೇ ಕೀರ್ತನೆ ಓದು ಅಂದ್ರು. ಬೇರೆ ದುಃಖದ ಕೀರ್ತನೆಗಳು ಎಷ್ಟು ಅತ್ರೂ ಹೆಚ್ಚಾಗಿ ಕೊನೇಲಿ ಸ್ತೋತ್ರಕ್ಕೆ ಬಂದು ನಿಲ್ತಾವೆ, ಇದು ಕತ್ತಲೆಯಲ್ಲೇ ಮುಗಿಯುತ್ತೆ. "ಇದನ್ನೂ ಬೈಬಲಲ್ಲಿ ಇಟ್ಟಾರಲ್ಲಮ್ಮ, ಕಿತ್ತು ಬಿಸಾಕಿಲ್ಲ ನೋಡು" ಅಂದ್ರು. ಅಷ್ಟೇ ಮಾತು, ಆಮೇಲೆ ಚಾ ಮಾಡಕ್ಕೆ ಒಳಗೆ ಹೋದ್ರು.

ಪ್ರಶ್ನೆ ಕೇಳೋದೇ ಪಾಪ ಅನ್ನೋರಿಗೆ ನಾನು ಎರಡು ವಿಷಯ ಹೇಳ್ತೀನಿ. ಒಂದು ಯೇಸುವಿನ ಶಿಷ್ಯ ತೋಮನ ಕಥೆ, ಬೈಬಲಲ್ಲಿ ಯೋಹಾನ 20. ಎಲ್ಲರೂ ಅವನ್ನ ಸಂದೇಹದ ತೋಮ ಅಂತಾರೆ, ಆದ್ರೆ ಅವನು ಸತ್ತು ಎದ್ದ ಯೇಸುವಿನ ಗಾಯ ಮುಟ್ಟದೆ ನಂಬಲ್ಲ ಅಂದ್ಮೇಲೂ ಎಂಟು ದಿನ ಆದ್ಮೇಲೆ ಅದೇ ಮನೇಲಿ ಅದೇ ಶಿಷ್ಯರ ಜೊತೆಗೇ ಇದ್ದ, ಅವನೂ ಬಿಟ್ಟು ಹೋಗ್ಲಿಲ್ಲ, ಅವರೂ ಓಡಿಸಲಿಲ್ಲ. ಆ ಎಂಟು ದಿನದ ಮೇಲೆ ಒಬ್ಬರೂ ಪ್ರಸಂಗ ಮಾಡಿದ್ದು ನಾನು ಕೇಳಿಲ್ಲ. ಇನ್ನೊಂದು ನಮ್ಮ ಬಳ್ಳಾರಿದೇ. ಲಂಡನ್ ಮಿಷನ್ನಿನ ಮಿಷನರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದು, ಕನ್ನಡ ಕಲಿತು, ಬೈಬಲನ್ನ ಕನ್ನಡಕ್ಕೆ ತರೋ ಕೆಲಸಕ್ಕೆ ಕೂತ್ರು. ಅದಾದ್ಮೇಲೆ ಬೇರೆಯೋರು ಆ ಅನುವಾದ ತಿದ್ದಿದ್ರು, ಮತ್ತೆ ತಿದ್ದಿದ್ರು. ಈಗಲೂ ಒಂದೇ ಮಾತಿಗೆ ನಮ್ಮ ಪ್ರಾಟೆಸ್ಟೆಂಟರು ನಂಬಿಕೆ ಅಂತಾರೆ, ಕ್ಯಾಥೊಲಿಕ್ಕರು ವಿಶ್ವಾಸ ಅಂತಾರೆ. ಈ ಪದ ಸರಿನಾ ಅಂತ ಯಾರೋ ಮತ್ತೆ ಮತ್ತೆ ಕೇಳಿದ್ದಕ್ಕೇ ನಮ್ಮ ಕೈಗೆ ಓದಕ್ಕಾಗೋ ಪುಸ್ತಕ ಬಂದಿದೆ.

ಈಗ ಭಾನುವಾರದ ವಿಷಯ. ಪೂರ್ತಿ ಬಿಡೋ ನಿರ್ಧಾರ ಸಿಟ್ಟಲ್ಲಿದ್ದಾಗ ಮಾಡಬೇಡಿ, ಒಂದು ವರ್ಷ ಟೈಮ್ ಕೊಡಿ. ಆ ವರ್ಷ ಹಿಂದಿನ ಬೆಂಚಲ್ಲಿ ಕೂತ್ಕೊಳ್ಳಿ, ಹಾಡು ಬಂದ್ರೆ ಹಾಡಿ, ಇಲ್ಲ ಅಂದ್ರೆ ಸುಮ್ಮನಿರಿ. ಕರ್ತನ ಭೋಜನಕ್ಕೆ, ಅಂದ್ರೆ ರೊಟ್ಟಿ-ದ್ರಾಕ್ಷಾರಸ ತಗೊಳ್ಳಕ್ಕೆ, ಎದ್ದು ಹೋಗಕ್ಕೆ ಮನಸ್ಸಿಲ್ಲ ಅಂದ್ರೆ ಕೂತೇ ಇರಿ, ಯಾರಾದ್ರೂ ಕೇಳಿದ್ರೆ ಪೌಲನೇ ಒಬ್ಬೊಬ್ಬರು ತಮ್ಮನ್ನ ತಾವು ಪರೀಕ್ಷೆ ಮಾಡ್ಕೊಳ್ಳಿ ಅಂದಿದಾನೆ, 1 ಕೊರಿಂಥ 11:28 ನೋಡಿ, ನಾನು ಅದನ್ನೇ ಮಾಡ್ತಿದೀನಿ ಅನ್ನಿ. ಕ್ಯಾಥೊಲಿಕ್ ಮನೆಯೋರಾದ್ರೂ ಅಷ್ಟೇ, ಪರಮಪ್ರಸಾದ ತಗೊಳ್ಳದೆ ಪೂಜೆಗೆ ಕೂರಬಹುದು.

ಕಷ್ಟ ಇರೋದು ಮನೆ ಪ್ರಾರ್ಥನೇಲಿ. ಚಾಪೆ ಹಾಸಿ ಸುತ್ತ ಕೂತು, ಒಬ್ಬರಾದ್ಮೇಲೆ ಒಬ್ಬರು ಬಾಯಿಬಿಟ್ಟು ಪ್ರಾರ್ಥನೆ ಮಾಡ್ತಾ ಬರ್ತಾರಲ್ಲ, ಪಕ್ಕದೋರು ಆಮೆನ್ ಅಂದ ತಕ್ಷಣ ಎಲ್ಲ ಸುಮ್ಮನಾಗಿ ಫ್ಯಾನ್ ಸದ್ದು ಮಾತ್ರ ಕೇಳುತ್ತೆ, ನಿಮ್ಮ ಸರದಿ. ನಾನು ಮೊದಮೊದಲು ಬಾಯಿಪಾಠ ಒಪ್ಪಿಸ್ತಿದ್ದೆ, ಮನೆಗೆ ಬಂದು ಅಳ್ತಿದ್ದೆ, ಯಾಕಂದ್ರೆ ಒಂದು ಪದಾನೂ ನಂದಾಗಿರಲಿಲ್ಲ. ಈಗ ಹೆಸರು ಮಾತ್ರ ಹೇಳ್ತೀನಿ. ದೊಡ್ಡಾಸ್ಪತ್ರೇಲಿರೋ ಆಟೋ ಅಣ್ಣನ ತಾಯಿ, ಪಿಯುಸಿ ಫೇಲಾದ ಮೇಲಿನ ಮನೆ ಹುಡುಗ, ತೋರಣಗಲ್ಲಲ್ಲಿ ನೈಟ್ ಶಿಫ್ಟಲ್ಲಿರೋ ನಮ್ಮ ತಮ್ಮ, ಇವರ ಜೊತೆ ಇರು, ಆಮೆನ್. ಕೇಳ್ತಿರೋರು ಇದಾರೋ ಇಲ್ವೋ ಗೊತ್ತಿಲ್ಲದೆ ಇದ್ರೂ ಆ ಹೆಸರುಗಳು ನಿಜ, ನನ್ನ ಆಸೆ ನಿಜ. ಇದನ್ನೂ ಹೇಳಕ್ಕಾಗ್ದಿದ್ರೆ ಪಕ್ಕದೋರ ಕೈ ಮುಟ್ಟಿ, ಸರದಿ ಮುಂದಕ್ಕೆ ಹೋಗುತ್ತೆ.

ಔಷಧಿ ವಿಷಯದಲ್ಲಿ ಮಾತ್ರ ಯಾವ ಮುಲಾಜೂ ಬೇಡ. ಪಾಸ್ಟ್ರು ಇರ್ಲಿ, ತೆಲುಗು ಯೂಟ್ಯೂಬ್ ಬೋಧಕರು ಇರ್ಲಿ, ಬಿಪಿ, ಶುಗರ್, ಫಿಟ್ಸ್ ಮಾತ್ರೆ ನಿಲ್ಸಿ ಅಂದ್ರೆ ಆ ಜಾಗದಿಂದ ನಿಮ್ಮ ಮನೆಯೋರನ್ನ ಎಬ್ಬಿಸ್ಕೊಂಡು ಬನ್ನಿ, ಅವರು ಬೈದ್ರೂ ಪರವಾಗಿಲ್ಲ. ಪ್ರಾರ್ಥನೆ ಬೇಕು ಅಂದ್ರೆ ಮಾತ್ರೆ ನುಂಗಿ ಪ್ರಾರ್ಥನೆ ಮಾಡ್ಲಿ. ನಾನು ಹನ್ನೊಂದು ದಿನ ಸುಮ್ಮನಿದ್ದೆ, ನೀವಿರಬೇಡಿ.

ಮದುವೆ ಬಗ್ಗೆ ಚಿಕ್ಕದಾಗಿ. ಚರ್ಚಲ್ಲಾದ್ರೆ 1872ರ ಕ್ರಿಶ್ಚಿಯನ್ ಮದುವೆ ಕಾಯ್ದೆ ಪ್ರಕಾರ ಆಗುತ್ತೆ. ಅಲ್ಲಿ ನಿಂತು ಪ್ರಮಾಣ ಮಾಡಕ್ಕೆ ಮನಸ್ಸು ಒಪ್ಪಲ್ಲ ಅಂದ್ರೆ 1954ರ ವಿಶೇಷ ವಿವಾಹ ಕಾಯ್ದೆ ಐತೆ, ಮದುವೆ ರಿಜಿಸ್ಟ್ರಾರ್ ಆಫೀಸಲ್ಲಿ ನೋಟಿಸ್ ಕೊಟ್ಟು 30 ದಿನ ಕಾಯಬೇಕು, ಆ ನೋಟಿಸ್ ಅಲ್ಲಿ ಹಚ್ತಾರೆ, ಯಾರು ಬೇಕಾದ್ರೂ ನೋಡ್ತಾರೆ, ಹಂಗಾಗಿ ಅಷ್ಟರೊಳಗೆ ಮನೇಲಿ ನೀವೇ ಹೇಳಿರಿ.

ಇನ್ನು ಎಲ್ಲರೂ ಮನಸ್ಸಲ್ಲೇ ಇಟ್ಕೊಂಡು ಹೆದರೋದು, ಚರ್ಚ್ ಬಿಟ್ರೆ ನಮ್ಮನ್ನ ಎಲ್ಲಿ ಮಣ್ಣು ಮಾಡ್ತಾರೆ ಅಂತ. ಈ ಹೆದರಿಕೆ ಸಣ್ಣದಲ್ಲ, ಅಪ್ಪ ಅಲ್ಲಿ ಮಲಗಿದಾನೆ, ಅವ್ವ ಪಕ್ಕದ ಜಾಗ ನಂದು ಅಂತ ಈಗಲೇ ಹೇಳಿಟ್ಟಿದಾಳೆ. ನನ್ನ ಸಲಹೆ ಏನಂದ್ರೆ ಮೆಂಬರ್‌ಶಿಪ್ ಬಿಡಬೇಡಿ, ವರ್ಷದ ಚಂದಾ ಕಟ್ಟಿ ರಸೀದಿ ಇಟ್ಕೊಳ್ಳಿ, ನಿಮ್ಮ ಸಭೆಯ ಸಮಾಧಿ ನಿಯಮ ಏನು ಅಂತ ಸೆಕ್ರೆಟರಿ ಹತ್ರ ಬರವಣಿಗೇಲಿ ಕೇಳಿ. ಹಂಗೇ ನಿಮ್ಮ ನಂಬಿಕೆ ಹೆಂಗಾದ್ರೂ ಇರ್ಲಿ, ಸಾವಿನ ಮನೆ ಕೆಲಸ ತಪ್ಪಿಸಬೇಡಿ. ಶಾಮಿಯಾನ ಹಾಕಿಸೋದು, ನೀರಿನ ಕ್ಯಾನ್ ಹೇಳೋದು, ಊರಿಂದ ಬಂದೋರಿಗೆ ಚಿತ್ರಾನ್ನ ಕಟ್ಟಿ ಕೊಡೋದು. ನಾನು ಚರ್ಚಲ್ಲಿ ಎದ್ದು ನಿಂತು ದೇವರು ನಂಗೇನು ಮಾಡಿದ ಅಂತ ಸಾಕ್ಷಿ ಹೇಳೋದು ಬಿಟ್ಟು ನಾಕು ವರ್ಷ ಆಯ್ತು, ಆದ್ರೂ ಯಾರ ಮನೇಲಿ ಸಾವಾದ್ರೂ ಮೊದಲ ಫೋನ್ ನಂಗೇ ಬರುತ್ತೆ.

ಕೊನೆಗೆ ಅವ್ವ ಒಂದಿನ ಕೇಳೇ ಕೇಳ್ತಾಳೆ. ನಮ್ಮವ್ವ ಹಂಚಿನ ಮೇಲೆ ರೊಟ್ಟಿ ತಿರುವಾಕ್ತಾ, ನನ್ನ ಕಡೆ ನೋಡ್ದೇನೇ ಕೇಳಿದ್ಲು, "ನೀನು ಯೇಸಪ್ಪನ್ನ ನಂಬ್ತಿಯೇನೇ ಇನ್ನೂ?" ನಾನು ಮಾರ್ಕ 9ರಲ್ಲಿ ಕಾಯಿಲೆ ಹುಡುಗನ ಅಪ್ಪ ಯೇಸುಗೆ ಹೇಳಿದ್ದನ್ನೇ ನನ್ನ ಮಾತಲ್ಲಿ ಹೇಳ್ದೆ, ಅರ್ಧ ನಂಬಿದೀನವ್ವ, ಇನ್ನರ್ಧ ಆಗ್ತಿಲ್ಲ. ಅವಳು ರೊಟ್ಟಿ ಸುಡೋವರೆಗೂ ಮಾತಾಡ್ಲಿಲ್ಲ. ಆಮೇಲೆ "ನಿಮ್ಮಪ್ಪ ಹೋದಾಗಿಂದ ನಂಗೂ ಕೆಲವು ದಿನ ಹಂಗೇ" ಅಂದ್ಲು. ನಿಮ್ಮವ್ವ ಹಿಂಗೇ ಹೇಳ್ತಾಳೆ ಅಂತ ನಾನು ಭರವಸೆ ಕೊಡಲ್ಲ, ಅಳಬಹುದು, ಬೈಬಹುದು. ಆದ್ರೆ ಕೇಳಿದಾಗ ಸುಳ್ಳು ಹೇಳಬೇಡಿ, ಕೇಳದೇ ಇರೋವಾಗ ಮುಖಕ್ಕೆ ಹೊಡೆದಂಗೆ ಹೇಳಲೂ ಬೇಡಿ.

ಈಸ್ಟರ್ ಹತ್ರ ಬಂದಾಗ ಸಮಾಧಿ ಸ್ವಚ್ಛ ಮಾಡಕ್ಕೆ ಮನೆಯೋರ ಜೊತೆ ಹೋಗಿ. ಕುಡುಗೋಲು, ಒಂದು ಬಕೀಟು ಸುಣ್ಣ, ಎರಡು ಬ್ರಶ್, ಕುಡಿಯೋ ನೀರು ತಗೊಂಡು ಬೆಳಿಗ್ಗೆ ಆರಕ್ಕೇ ಹೊರಡಿ. ಜಾಲಿ ಮುಳ್ಳು ಇರುತ್ತೆ, ಚಪ್ಪಲಿ ಬೇಡ, ಬೂಟು ಹಾಕ್ಕೊಳ್ಳಿ. ಒಂಬತ್ತರ ಮೇಲೆ ನಮ್ಮೂರ ಬಿಸಿಲಲ್ಲಿ ನಿಲ್ಲಕ್ಕಾಗಲ್ಲ.